ಕಾಗದದ ಮೇಲಿನ ಆಯಾ

ಆಡಿಟ್‌ಗೆ ತಯಾರಿ ಮಾಡುವುದು ಎಂದರೇನು ಅಂತ ಯಾರಾದರೂ ಕೇಳಿದರೆ ನಾನು ಸುತ್ತಿ ಬಳಸಿ ಹೇಳುವುದಿಲ್ಲ. ನಡೆದದ್ದನ್ನು ಮುಚ್ಚಿಡುವುದು, ನಡೆಯಬೇಕಾಗಿದ್ದದ್ದನ್ನು ನಡೆದಿದೆ ಎಂದು ತೋರಿಸುವುದು. ಹನ್ನೊಂದು ವರ್ಷದಿಂದ ನಾನು ಮಾಡಿಕೊಂಡು ಬಂದಿರುವುದು ಇದನ್ನೇ. ನನ್ನ ಹೆಸರು ಸುಶಮೀಂದ್ರ. ಮನೆ ಬಳ್ಳಾರಿಯಲ್ಲಿ, ಕೆಲಸ ಸಿರುಗುಪ್ಪದ ಒಂದು ಹೊಲಿಗೆ ತರಬೇತಿ ಕೇಂದ್ರದಲ್ಲಿ. ಸರ್ಕಾರದ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಮೂರು ತಿಂಗಳು ಜೀನ್ಸ್ ಹೊಲಿಯಲು ಕಲಿಸಿ ಸರ್ಟಿಫಿಕೇಟ್ ಕೊಡಿಸುವ ಜಾಗ ಅದು. ನನ್ನ ಹುದ್ದೆಗೆ ಇಂಗ್ಲಿಷಿನಲ್ಲಿ ಉದ್ದನೆಯ ಹೆಸರಿದೆ. ಮಾಡುವುದು ಮಾತ್ರ ರಿಜಿಸ್ಟರ್ ಬರೆಯುವುದು, ಫೋಟೋ ಅಂಟಿಸುವುದು, ಸೀಲು ಒತ್ತುವುದು. ವಯಸ್ಸು ಐವತ್ತಾರು. ದಿನಾ ಬಸ್ಸಿನಲ್ಲಿ ಮೂರು ತಾಸು ಕುಲುಕಿ ಕುಲುಕಿ ಸೊಂಟ ಹೋಗಿದೆ.

ಆದರೆ ನಾನು ಬರೆಯಲು ಕೂತಿರುವುದು ನನ್ನ ಸೊಂಟದ ಬಗ್ಗೆ ಅಲ್ಲ, ವಿರೂಪಮ್ಮನವರ ಬಗ್ಗೆ. ನಮ್ಮ ಕೇಂದ್ರದ ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ‘ಆಯಾ’ ಎಂದು ಇದೆ. ಕಸ ಹೊಡೆಯುವುದು, ನೀರು ತುಂಬುವುದು, ಚಹಾ ಮಾಡುವುದು ಆಯಾಳ ಕೆಲಸ. ಆ ಎರಡಕ್ಷರ ಬರೆದದ್ದು ನಾನೇ, ನನ್ನ ದುಂಡು ಅಕ್ಷರದಲ್ಲಿ, ಕೇಂದ್ರ ಶುರುವಾದ ವಾರದಲ್ಲಿ. ಬರೆದಾಗ ಅದು ಸುಳ್ಳಾಗಿರಲಿಲ್ಲ.

ವಿರೂಪಮ್ಮ ಹುಟ್ಟಿದ್ದು ಬಳ್ಳಾರಿಯ ಕೌಲ್ ಬಜಾರಿನಲ್ಲಿ. ಅವರ ತಂದೆ ಅಂಜಿನಪ್ಪ ತಳ್ಳುಗಾಡಿಯಲ್ಲಿ ಬಟ್ಟೆಯ ಗಂಟು ಸಾಗಿಸುತ್ತಿದ್ದರು. ಏಳನೇ ಕ್ಲಾಸು ಮುಗಿಸಿದ ಮಗಳನ್ನು ಒಂದು ದಿನ ಅದೇ ಗಾಡಿಯ ಮೇಲೆ ಕೂರಿಸಿಕೊಂಡು ಹೋಗಿ ಜೀನ್ಸ್ ಹೊಲಿಯುವ ಒಂದು ಮನೆಯಲ್ಲಿ ಬಿಟ್ಟರು. ಮೊದಲ ವರ್ಷ ಹೊಲಿದ ಪ್ಯಾಂಟಿನಿಂದ ಉಳಿದ ದಾರ ಕತ್ತರಿಸುವುದಷ್ಟೇ ಕೆಲಸ. ಆಮೇಲೆ ಕಾಜಾ, ಆಮೇಲೆ ಜೇಬು, ಆಮೇಲೆ ಸೊಂಟದ ಪಟ್ಟಿ. ಹದಿನೇಳಕ್ಕೆ ಇಡೀ ಪ್ಯಾಂಟು ಒಬ್ಬರೇ ಹೊಲಿಯುತ್ತಿದ್ದರಂತೆ. ಹತ್ತೊಂಬತ್ತಕ್ಕೆ ಕರೂರಿನ ಮಾರೆಣ್ಣನ ಜೊತೆ ಮದುವೆಯಾಯಿತು. ಮಾರೆಣ್ಣ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಚೀಲ ಹೊರುವವರು. ಕರೂರಿನಲ್ಲಿ ಎಲ್ಲಿ ನೋಡಿದರೂ ಭತ್ತ, ಮಷಿನ್ ಎಲ್ಲಿಂದ ಬರಬೇಕು? ಹತ್ತು ವರ್ಷ ಮೊಣಕಾಲುದ್ದ ಕೆಸರಿನಲ್ಲಿ ನಿಂತು ನಾಟಿ ಹಚ್ಚಿದರು. “ಸಾಲು ನೆಟ್ಟಗ ಹಚ್ತಿದ್ದೆ ಸಾರ್, ಹೊಲಗಿ ಹಾಕಿದಂಗ. ಗೌಡರು ಬಂದು ನೋಡಿ ನಗ್ತಿದ್ರು” ಎಂದು ಒಮ್ಮೆ ನನಗೆ ಹೇಳಿದ್ದರು.

ನಮ್ಮ ಕೇಂದ್ರಕ್ಕೆ ಅವರು ಬಂದದ್ದು ಆಯಾ ಆಗಿಯೇ. ಕಲಿಸಲು ಬಳ್ಳಾರಿಯಿಂದ ಒಬ್ಬರನ್ನು ನೇಮಿಸಿದ್ದೆವು. ಅವರು ಮೂರು ವಾರ ಬಸ್ಸಿನಲ್ಲಿ ಓಡಾಡಿ, ನಾಲ್ಕನೇ ವಾರ ಫೋನು ತೆಗೆಯುವುದನ್ನೇ ಬಿಟ್ಟರು. ಹೊಸ ಮಷಿನ್‌ಗಳ ಮುಂದೆ ಹುಡುಗಿಯರು ಮೂರು ದಿನ ಕೈಕಟ್ಟಿ ಕೂತರು. ನಾಲ್ಕನೇ ದಿನ ವಿರೂಪಮ್ಮ ಕಸಬರಿಗೆಯನ್ನು ಗೋಡೆಗೆ ಒರಗಿಸಿ, ಸೆರಗಿಗೆ ಕೈ ಒರೆಸಿಕೊಂಡು ಒಂದು ಮಷಿನ್ ಮುಂದೆ ಕೂತರು. “ಬರ್ರೆವ್ವಾ ಇಲ್ಲಿ. ನಾ ತೋರಸ್ತೀನಿ.”

ಅವತ್ತಿನಿಂದ ಅವರೇ ಕಲಿಸಿದ್ದು. ಮೊದಲ ವಾರ ದಾರವಿಲ್ಲದೆ ಕಾಗದದ ಮೇಲೆ ಗೆರೆಗುಂಟ ಮಷಿನ್ ಓಡಿಸುವುದು. ಕೇಂದ್ರದ ಮಾಲೀಕರು ಕಾಗದಕ್ಕೆ ಗೊಣಗಿದರೆ ನನ್ನ ಹಳೆ ರಿಜಿಸ್ಟರುಗಳನ್ನೇ ಹರಿದು ಕೊಡುತ್ತಿದ್ದೆ. ಬಟ್ಟೆಯ ಜೋಡು ಕೂಡುವ ದಪ್ಪ ಜಾಗದಲ್ಲಿ ಕಾಲು ಪೆಡಲ್ ಬಿಡಬೇಕು, ಕೈಯಿಂದ ಚಕ್ರ ತಿರುಗಿಸಿ ದಾಟಬೇಕು. ಇದನ್ನು ಅವರು ಎಷ್ಟು ಸಲ ಹೇಳಿದ್ದಾರೋ! “ದಪ್ಪ ಬಂದಲ್ಲಿ ಅವಸರ ಮಾಡಬ್ಯಾಡವ್ವಾ. ಅಲ್ಲಿ ಸೂಜಿ ಮುರಿತೈತಿ.” ಬೈಯುತ್ತಿದ್ದರು, ತಟ್ಟುತ್ತಿದ್ದರು, ಒಬ್ಬಳು ಅತ್ತರೆ ತಮ್ಮ ಡಬ್ಬಿಯ ರೊಟ್ಟಿ ಕೊಟ್ಟು ಮತ್ತೆ ಬೈಯುತ್ತಿದ್ದರು. ನಾನು ಗೋಡೆಯಾಚೆ ಕೂತು, ಅವರ ಪಾಠವನ್ನು ಬೇರೆಯವರ ಹೆಸರಿನಲ್ಲಿ ಬರೆಯುತ್ತಿದ್ದೆ. ಕಲಿಸುವವರು ಡಿಪ್ಲೊಮಾ ಓದಿರಬೇಕು, ತರಬೇತುದಾರರ ಪ್ರಮಾಣಪತ್ರ ಹೊಂದಿರಬೇಕು ಎಂದು ನಿಯಮ. ಏಳನೇ ಕ್ಲಾಸಿನ ಹೆಂಗಸನ್ನು ತೋರಿಸಿದರೆ ಯಾರು ಒಪ್ಪುತ್ತಾರೆ? ಹಾಗಾಗಿ ಕಾಗದದ ಮೇಲೆ ಕಲಿಸುವವರು ಬಂದರು, ಹೋದರು. ಈಗಿನವಳು ಶ್ರೀಕೃತಿ, ಬಳ್ಳಾರಿಯ ಹುಡುಗಿ, ಇಪ್ಪತ್ತಾರು ವರ್ಷ, ಡಿಪ್ಲೊಮಾ ಇದೆ, ಪ್ರಮಾಣಪತ್ರವೂ ಇದೆ. ವಾರಕ್ಕೆ ಎರಡು ದಿನ ಬಂದು ಸಹಿ ಹಾಕುತ್ತಿದ್ದಳು. ಕೆಟ್ಟವಳಲ್ಲ. ಜೀನ್ಸ್ ಹೊಲಿಯಲು ಬರುವುದಿಲ್ಲ ಅಷ್ಟೆ.

ವಿರೂಪಮ್ಮನಿಗೆ ಇದರಿಂದ ನೋವಾಗುತ್ತಿತ್ತೇ? ಹತ್ತು ವರ್ಷ ನಾನು ಕೇಳಲಿಲ್ಲ. ಕೇಳಿದರೆ ಉತ್ತರ ಕೊಟ್ಟುಬಿಡುತ್ತಾರೆ ಎಂಬ ಹೆದರಿಕೆ ನನಗೆ.

ಹೋದ ವರ್ಷ ಒಂದು ಸುತ್ತೋಲೆ ಬಂತು. ಐದು ವರ್ಷ ಕಲಿಸಿದ ದಾಖಲೆ ಇದ್ದವರು, ಓದು ಕಡಿಮೆಯಿದ್ದರೂ, ತರಬೇತುದಾರರ ಪರೀಕ್ಷೆಗೆ ಕೂರಬಹುದು ಎಂದು. ನಾನು ಅದನ್ನು ಸುಮ್ಮನೆ ಓದಿ ಹೇಳಿದೆ. ಮರುದಿನ ಬೆಳಿಗ್ಗೆ ವಿರೂಪಮ್ಮ ಅರ್ಜಿ ತುಂಬಿಕೊಂಡು ಬಂದಿದ್ದರು. ಅಕ್ಷರ ದೊಡ್ಡ ದೊಡ್ಡದು, ಒಂದೂ ಹೊಡೆದು ಹಾಕಿರಲಿಲ್ಲ. ಹೆಸರು, ಊರು, ಓದು. ‘ವೃತ್ತಿ’ ಎಂದಿದ್ದ ಜಾಗದಲ್ಲಿ ‘ಹೊಲಿಗೆ ಕಲಿಸುವುದು’ ಎಂದು ಬರೆದು, ಕೆಳಗೆ ಗೆರೆ ಎಳೆದಿದ್ದರು.

“ಸಾರ್, ಕಲಿಸೀನಿ ಅಂತ ನೀವು ಒಂದು ಕಾಗದ ಬರದು ಕೊಡ್ರಿ. ಮಾಲೀಕರ ಸೈ ಬೇಕಂತ. ಅಷ್ಟ ಆದ್ರ ಪರೀಕ್ಷಿ ನಾ ನೋಡ್ಕೊಂತೀನಿ.”

“ಕೊಡೋಣ ವಿರೂಪಮ್ಮ. ಆಡಿಟ್ ಒಂದು ಮುಗೀಲಿ” ಎಂದೆ.

ಅವರನ್ನು ಮುಚ್ಚಿಟ್ಟು ಆಡಿಟ್ ಮುಗಿಸುವುದು, ಆಮೇಲೆ ಅವರೇ ಕಲಿಸಿದ್ದು ಎಂದು ಬರೆದು ಕೊಡುವುದು. ಒಂದು ಕಾಗದ ಒಂದು ಕಚೇರಿಗೆ, ಇನ್ನೊಂದು ಕಾಗದ ಇನ್ನೊಂದು ಕಚೇರಿಗೆ. ಎರಡೂ ಒಂದನ್ನೊಂದು ಎಂದೂ ನೋಡುವುದಿಲ್ಲ ಎಂದು ನಾನು ಪೂರಾ ನಂಬಿದ್ದೆ. ಅರ್ಜಿಯನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಹಾಕಿ ನನ್ನ ಚೀಲದಲ್ಲಿ ಇಟ್ಟುಕೊಂಡೆ.

ಆಡಿಟ್ ಮುಂದೆ ಮುಂದೆ ಹೋಗಿ ವರ್ಷ ತುಂಬುವಷ್ಟರಲ್ಲಿ ಕುರುಗೋಡಿನ ಸುದ್ದಿ ಬಂತು. ಅಲ್ಲಿಯೂ ನಮ್ಮದೇ ಸಂಸ್ಥೆಯ ಒಂದು ಕೇಂದ್ರವಿತ್ತು. ಆಡಿಟ್‌ಗೆ ಬಂದವರು ರಿಜಿಸ್ಟರಿನಲ್ಲಿದ್ದ ಹೆಸರು ಒಂದು, ಕಲಿಸುತ್ತಿದ್ದ ಮುಖ ಇನ್ನೊಂದು ಎಂದು ಹಿಡಿದರು. ಕೇಂದ್ರ ಮುಚ್ಚಿತು. ಅದು ಹಾಳಾಗಲಿ, ಮೂರು ತಿಂಗಳು ಕಲಿತ ಇಪ್ಪತ್ತನಾಲ್ಕು ಹುಡುಗಿಯರಿಗೆ ಸರ್ಟಿಫಿಕೇಟೇ ಸಿಗಲಿಲ್ಲ. ಕೂಲಿ ಬಿಟ್ಟು ಬಂದು ಕಲಿತವರು ಅವರು. ಕುರುಗೋಡಿನ ಬಸ್ ಸ್ಟ್ಯಾಂಡಿನಲ್ಲಿ ಅವರಲ್ಲೊಬ್ಬಳು ನನ್ನನ್ನು ಕಂಡಳು. ಬೈಯುತ್ತಾಳೇನೋ ಎಂದು ನಿಂತೆ. ಅವಳು ಮುಖ ತಿರುಗಿಸಿಕೊಂಡು ಬೇರೆ ಕಡೆ ಹೋದಳು. ಬೈದಿದ್ದರೆ ಚೆನ್ನಾಗಿತ್ತು.

ನಮ್ಮ ಮಾಲೀಕರು ಚನ್ನಬಸವರಾಜ, ಬಳ್ಳಾರಿಯಲ್ಲಿ ಬಟ್ಟೆ ಅಂಗಡಿ ಇಟ್ಟವರು. ಮರುದಿನವೇ ಸಿರುಗುಪ್ಪಕ್ಕೆ ಓಡಿ ಬಂದರು.

“ಸುಶಮೀಂದ್ರ ಆಚಾರ್ರೇ, ಮುಂದಿನ ಸರದಿ ನಮ್ದು. ಇಪ್ಪತ್ತೇಳು ಹುಡುಗೇರು ಅದಾರ. ಸರ್ಟಿಫಿಕೇಟ್ ಇದ್ರ ಅಷ್ಟೂ ಮಂದೀನ ಬಳ್ಳಾರಿ ಗಾರ್ಮೆಂಟ್ಸ್‌ನ್ಯಾಗ ತಗೋತೀವಿ ಅಂದಾರ. ಕುರುಗೋಡಿನಂಗ ಆತಂದ್ರ ನಾ ಈ ಊರಿಗಿ ಮುಖ ತೋರ್ಸಂಗಿಲ್ಲ.”

ತಯಾರಿ ಶುರುವಾಯಿತು. ಬೆಂಕಿ ಆರಿಸುವ ಕೆಂಪು ಸಿಲಿಂಡರಿನ ತಾರೀಕು ಎರಡು ವರ್ಷದ ಹಿಂದೆಯೇ ಮುಗಿದಿತ್ತು, ಹೊಸದು ತಂದು ನೇತುಹಾಕಿದೆ. ಔಷಧದ ಪೆಟ್ಟಿಗೆಯಲ್ಲಿ ಯಾರೋ ಗುಂಡಿ ತುಂಬಿಟ್ಟಿದ್ದರು. ನಾಟಿ ಹಚ್ಚಿ ಹಚ್ಚಿ ಬೆರಳಿನ ಗೆರೆ ಸವೆದ ಹುಡುಗಿಯರ ಹೆಬ್ಬೆಟ್ಟನ್ನು ಹಾಜರಿ ಯಂತ್ರ ಹಿಡಿಯುತ್ತಿರಲಿಲ್ಲ. ಅವರು ಬಂದ ದಿನಗಳೆಲ್ಲ ಗೈರುಹಾಜರಿ ಎಂದು ಕೂತಿದ್ದವು. ಅದಕ್ಕೊಂದು ವಿವರಣೆ ಬರೆದೆ. ಮೂರು ವರ್ಷದ ಒಂಬತ್ತು ಬ್ಯಾಚುಗಳಿಗೆ ಒಂಬತ್ತು ಫೈಲು. ಪ್ರತಿ ಫೈಲಿಗೂ ಪಾಠದ ಫೋಟೋ, ಪರೀಕ್ಷೆಯ ಫೋಟೋ, ಸಮಾರೋಪದ ಫೋಟೋ. ಅಂಟಿಸಿದೆ, ಅಂಕಿ ಹಾಕಿದೆ, ಸೀಲು ಒತ್ತಿದೆ. ಇಪ್ಪತ್ತು ದಿನ ನನಗೆ ಊಟದ ರುಚಿ ಗೊತ್ತಾಗಲಿಲ್ಲ. ಬಸ್ಸಿನಲ್ಲಿ ಕೂತರೆ ತೆಕ್ಕಲಕೋಟೆ ಬರುವಷ್ಟರಲ್ಲಿ ಕಣ್ಣು ಮುಚ್ಚಿಹೋಗುತ್ತಿತ್ತು, ಕಂಡಕ್ಟರು ಎಬ್ಬಿಸಬೇಕಾಗುತ್ತಿತ್ತು.

ಕಾಗದಕ್ಕಿಂತ ಕಷ್ಟವಾದದ್ದು ನಾಲಿಗೆ. ಹುಡುಗಿಯರೆಲ್ಲ ವಿರೂಪಮ್ಮನನ್ನು ‘ಅಕ್ಕಾರ’ ಎನ್ನುತ್ತಿದ್ದರು, ಈ ಕಡೆ ಟೀಚರನ್ನು ಕರೆಯುವ ಹಾಗೆ. ಶ್ರೀಕೃತಿಯೂ ಹಾಗೆಯೇ. ನಾನೂ ‘ಬರ್ರಿ, ಕೂಡ್ರಿ’ ಎಂದೇ ಮಾತಾಡಿಸುತ್ತಿದ್ದೆ. ಆಯಾಳನ್ನು ಯಾರಾದರೂ ಹಾಗೆ ಮಾತಾಡಿಸುತ್ತಾರೆಯೇ? ಆಡಿಟರ್ ಕಿವಿಗೆ ಬಿದ್ದರೆ ಅಲ್ಲೇ ಸಿಕ್ಕಿಬಿದ್ದೆವು ಎಂದು ಮಾಲೀಕರು ಹೇಳಿದರು. ನಿಜವೇ. ಹಾಗಾಗಿ ಒಂದು ಮಧ್ಯಾಹ್ನ ಎಲ್ಲರನ್ನೂ ಕೂರಿಸಿ ಅಭ್ಯಾಸ ಮಾಡಿಸಿದೆವು. ಶ್ರೀಕೃತಿ ಮೇಜಿನ ಹತ್ತಿರ ನಿಂತು ‘ವಿರೂಪಮ್ಮ, ನೀರು ತಗೊಂಡು ಬಾ’ ಎನ್ನಬೇಕು.

“ವಿರೂಪಮ್ಮ, ನೀರು ತಗೊಂಡು ಬರ್ರಿ” ಎಂದಳು.

“ಬರ್ರಿ ಅಲ್ಲವ್ವಾ, ಬಾ” ಎಂದರು ವಿರೂಪಮ್ಮ.

“ನೀರು ತಗೊಂಡು... ಬರ್ರಿ.” ಹುಡುಗಿಯರು ನಕ್ಕರು. ಶ್ರೀಕೃತಿಯ ಮುಖ ಕೆಂಪಾಯಿತು. “ನನಗ ಬರವಲ್ದು ಅಕ್ಕಾರ.”

ವಿರೂಪಮ್ಮ ಅವಳ ಎದುರು ಬಂದು ನಿಂತರು. ಸೊಂಟದ ಮೇಲೆ ಕೈ ಇಟ್ಟುಕೊಂಡು, ಹೊಸ ಹುಡುಗಿಗೆ ಪೆಡಲ್ ತುಳಿಯಲು ಹೇಳಿಕೊಡುವ ಅದೇ ದನಿಯಲ್ಲಿ ಹೇಳಿದರು: “ನನ್ನ ಮುಖ ನೋಡಬ್ಯಾಡ. ಫೈಲ್ ನೋಡ್ಕೊಂತ ಹೇಳು. ಮುಖ ನೋಡಿದ್ರ ನಾಲಗಿ ಏಳಂಗಿಲ್ಲ. ಹೂಂ, ಇನ್ನೊಂದು ಸಲ.”

ನಾಲ್ಕನೇ ಸಲಕ್ಕೆ ಅವಳಿಗೆ ಬಂತು. “ಶಾಣ್ಯಾಕಿ” ಎಂದು ವಿರೂಪಮ್ಮ ನೀರು ತರಲು ಹೋದರು. ತಮ್ಮನ್ನು ಕೀಳಾಗಿ ಕರೆಯುವುದನ್ನೂ ಅವರೇ ಕಲಿಸಬೇಕಾಯಿತು. ನನಗೆ ಅಲ್ಲಿಂದ ಎದ್ದು ಬಳ್ಳಾರಿಯ ಬಸ್ಸು ಹತ್ತಿಬಿಡಬೇಕು ಎನಿಸಿತು. ಹತ್ತಲಿಲ್ಲ.

ಆಡಿಟ್ ದಿನ ಬಂದವರು ಶಾಂಭವಿ ಎಂಬುವರು. ಧಾರವಾಡದ ಕಡೆಯವರು, ನಲವತ್ತೈದರ ಆಸುಪಾಸು. ಅವರೂ ಸುಸ್ತಾಗಿದ್ದರು. ಅದು ಆ ವಾರದ ನಾಲ್ಕನೇ ಕೇಂದ್ರವಂತೆ. ಬೆಳಿಗ್ಗೆ ಎಲ್ಲ ಸುಸೂತ್ರವಾಗಿ ನಡೆಯಿತು. ಸಿಲಿಂಡರ್ ನೋಡಿದರು, ಪೆಟ್ಟಿಗೆ ತೆರೆದರು, ಮಷಿನ್ ಎಣಿಸಿದರು. ತೆಕ್ಕಲಕೋಟೆಯ ಚನ್ನಬಸಮ್ಮ ಎಂಬ ಹುಡುಗಿಯಿಂದ ಜೇಬು ಹೊಲಿಸಿ ನೋಡಿ “ಛಲೋ ಹೊಲದಿ. ಯಾರು ಕಲಿಸಿದ್ರು?” ಎಂದರು. “ಶ್ರೀಕೃತಿ ಮೇಡಮ್ರಿ” ಎಂದಳು ಚನ್ನಬಸಮ್ಮ, ಕಣ್ಣು ಪಿಳುಕಿಸದೆ. ಶ್ರೀಕೃತಿ ಫೈಲು ನೋಡುತ್ತಾ ನೀರು ತರಿಸಿದಳು. ವಿರೂಪಮ್ಮ ತಂದರು. ಮಾಲೀಕರು ನನ್ನ ಕಡೆ ನೋಡಿ ಕಣ್ಣಲ್ಲೇ ನಕ್ಕರು.

ಮಧ್ಯಾಹ್ನ ಅವರು ಫೈಲು ಹಿಡಿದು ಕೂತರು. ಒಂದೊಂದೇ ತಿರುವಿದರು. ನಾಲ್ಕನೆಯದಕ್ಕೆ ಬಂದಾಗ ನಿಲ್ಲಿಸಿ, ಮತ್ತೆ ಒಂದನೆಯದನ್ನು ತೆಗೆದರು. ಆಮೇಲೆ ಒಂಬತ್ತೂ ಫೈಲುಗಳ ಸಮಾರೋಪದ ಫೋಟೋ ತೆರೆದು ಮೇಜಿನ ಮೇಲೆ ಸಾಲಾಗಿ ಹರಡಿದರು.

“ಸುಶಮೀಂದ್ರ ಅವರೇ, ಇಲ್ಲಿ ಬರ್ರಿ. ಇದೇನ್ರಿ ಇದು?”

ನೋಡಿದೆ. ಒಂಬತ್ತು ಫೋಟೋ. ಒಂಬತ್ತರಲ್ಲೂ ಕುರ್ಚಿಯ ಮೇಲೆ ವಿರೂಪಮ್ಮ. ಸೆರಗು ಹಿಡಿದು ಕೂತಿದ್ದಾರೆ, ಹುಡುಗಿಯರು ಅಕ್ಕಿ, ತೆಂಗಿನಕಾಯಿ, ಕುಪ್ಪಸದ ಕಣ, ಎಲೆ ಅಡಿಕೆ ಹಾಕಿ ಉಡಿ ತುಂಬುತ್ತಿದ್ದಾರೆ. ಪಕ್ಕದಲ್ಲಿ ಶ್ರೀಕೃತಿಯೋ, ಅವಳ ಹಿಂದಿನವರೋ, ನಿಂತು ಚಪ್ಪಾಳೆ ತಟ್ಟುತ್ತಿದ್ದಾರೆ.

ಆ ಫೋಟೋಗಳನ್ನು ಅಂಟಿಸಿದ್ದು ನಾನೇ. ಅಂಕಿ ಹಾಕಿದ್ದು ನಾನೇ. ಇಪ್ಪತ್ತು ದಿನ ಒಂದೊಂದು ಸಹಿಯನ್ನೂ ಜಾಲಾಡಿದ ನನ್ನ ಕಣ್ಣಿಗೆ ಇದು ಬಿದ್ದಿರಲಿಲ್ಲ. ಹೇಗೆ ಬೀಳಬೇಕು? ಬ್ಯಾಚು ಮುಗಿದ ದಿನ ಹುಡುಗಿಯರು ಕಲಿಸಿದವಳಿಗೆ ಉಡಿ ತುಂಬುವುದು ನಮಗೆ ಗಂಟೆ ಬಾರಿಸಿದಷ್ಟು ಮಾಮೂಲಿ.

“ಈಕಿ ನೀರು ತಂದಾಕಿ ಅಲ್ರಿ? ರಿಜಿಸ್ಟರ್‌ನ್ಯಾಗ ಆಯಾ ಅಂತ ಐತಿ.”

“ಹೌದ್ರಿ, ಆಯಾನೇ.”

“ಆಯಾಗ ಉಡಿ, ಟೀಚರ್ ಪಾಲಿಗೆ ಬರೇ ಚಪ್ಪಾಳಿ?” ಅವರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. “ನಾನೂ ಈ ಕಡಿ ಹೆಣಮಗಳ ಅದೀನ್ರಿ. ಸುಮ್ಮ ಸುಮ್ಮನ ಯಾರೂ ಯಾರಿಗೂ ಉಡಿ ತುಂಬಂಗಿಲ್ಲ. ಕರೀರಿ ಆಕೀನ. ನೀವು ಇಲ್ಲೇ ನಿಂದರ್ರಿ, ಆದ್ರ ಬಾಯಿ ತಗೀಬ್ಯಾಡ್ರಿ.”

ವಿರೂಪಮ್ಮ ಬಂದರು. ಶಾಂಭವಿಯವರು ಕುರ್ಚಿ ತೋರಿಸಿ ಕೂರಲು ಹೇಳಿದರು. ಅವರು ಕೂರಲಿಲ್ಲ. ಹರಡಿದ್ದ ಫೋಟೋಗಳನ್ನು ನೋಡಿದರು. ಎಲ್ಲ ಅರ್ಥವಾಯಿತು ಎಂದು ಅವರ ಮುಖ ನೋಡಿ ನನಗೆ ತಿಳಿಯಿತು.

“ಖರೇ ಹೇಳ್ರಿ ಅಮ್ಮಾ. ಇಲ್ಲಿ ಕಲಸಾಕಿ ನೀವೇನು?”

ವಿರೂಪಮ್ಮ ಸೆರಗಿಗೆ ಕೈ ಒರೆಸಿಕೊಂಡರು.

“ಹೆದರಬ್ಯಾಡ್ರಿ. ನೀವ ಇದ್ರ ನಾ ಹಂಗ ಬರಕೋತೀನಿ. ಹನ್ನೊಂದು ವರ್ಷ ಈಕೀನ ಕಲಿಸ್ಯಾಳ ಅಂತ ನನ್ನ ರಿಪೋರ್ಟಿನ್ಯಾಗ ಬಂದ್ರ ಅದಕಿಂತ ದೊಡ್ಡ ದಾಖಲಿ ಬ್ಯಾರೆ ಇಲ್ಲ. ನಾಳಿ ನಿಮಗ ಪರೀಕ್ಷಿಗೂ ಕೂಡಾಕ ಬರ್ತೈತಿ.”

ಅವರಿಗೆ ಬೇಕಾಗಿದ್ದ ಕಾಗದ ಅದೇ. ಒಂದು ವರ್ಷದಿಂದ ನನ್ನ ಚೀಲದಲ್ಲಿದ್ದ ಅರ್ಜಿಗೆ ಬೇಕಾಗಿದ್ದ ಒಂದೇ ಒಂದು ಮಾತು, ನಾನು ಇವತ್ತು ನಾಳೆ ಎಂದು ಮುಂದೂಡಿದ ಮಾತು. ಒಬ್ಬ ಅಧಿಕಾರಿ, ನೀವು ಎಂದು ಕರೆದು, ಎದುರಿಗೆ ಇಟ್ಟಿದ್ದರು. ‘ಹೌದು’ ಎಂದರೆ ಸಾಕಿತ್ತು. ನನ್ನ ಕೆಲಸ ಹೋಗುತ್ತಿತ್ತು, ಹೋಗಲಿ. ‘ಹೌದು ಅನ್ರಿ’ ಎಂದು ಮನಸ್ಸಿನಲ್ಲಿ ಒಂದು ಸಲ ನಿಜವಾಗಿಯೂ ಅಂದುಕೊಂಡೆ. ಮರುಕ್ಷಣವೇ ಮಗಳ ಮದುವೆ, ನನ್ನ ವಯಸ್ಸು ಎಲ್ಲ ನೆನಪಾಗಿ ‘ಅನಬ್ಯಾಡ್ರಿ’ ಎಂದೂ ಅಂದುಕೊಂಡೆ. ಮುಚ್ಚಿಟ್ಟು ಏನು ಪ್ರಯೋಜನ, ಎರಡನ್ನೂ ಅಂದುಕೊಂಡದ್ದು ನಿಜ.

ವಿರೂಪಮ್ಮ ಕೇಳಿದರು: “ಮೇಡಮ್ಮಾರ, ಹಂಗ ಬರದ್ರ ಈ ಹುಡುಗೇರ ಸರ್ಟಿಫಿಕೇಟ್ ಏನಾಕ್ಕತಿ?”

ಶಾಂಭವಿಯವರು ಕನ್ನಡಕ ಮತ್ತೆ ಹಾಕಿಕೊಂಡರು. ಆ ಪ್ರಶ್ನೆಯೇ ಉತ್ತರ ಎಂದು ಅವರಿಗೂ ಗೊತ್ತಾಗಿರಬೇಕು. “ನಿಂದರತೈತಿ” ಎಂದರು. “ಕುರುಗೋಡಿನ್ಯಾಗ ನಿಂತಂಗ.”

ಆಚೆ ಕೋಣೆಯಲ್ಲಿ ಇಪ್ಪತ್ತೇಳು ಮಷಿನ್ ಓಡುತ್ತಿದ್ದವು. ವಿರೂಪಮ್ಮ ಸ್ವಲ್ಪ ಹೊತ್ತು ಆ ಕಡೆ ನೋಡಿದರು.

“ನಾ ಆಯಾ ರೀ” ಎಂದರು. “ಮೂರು ತಿಂಗಳು ಚಾ ಮಾಡಿ ಕೊಡ್ತೀನಲ್ರಿ, ಹುಡುಗೇರಿಗೆ ನನ್ನ ಮ್ಯಾಲೆ ಭಾಳ ಜೀವ. ಅದಕ್ಕ ಉಡಿ ತುಂಬ್ತಾರ. ಬ್ಯಾರೆ ಏನಿಲ್ರಿ.”

“ಚಾಕ್ಕ ಉಡಿ ತುಂಬ್ತಾರ?”

“ಹೂಂರಿ. ಚಾಕ್ಕ.”

ಇಬ್ಬರೂ ಹೆಂಗಸರು ಒಬ್ಬರನ್ನೊಬ್ಬರು ನೋಡಿದರು. ಶಾಂಭವಿಯವರು ನಂಬಲಿಲ್ಲ, ಅದು ನನಗೆ ಚೆನ್ನಾಗಿ ಗೊತ್ತು. ನಂಬಿದಂತೆ ಮಾಡಿದರು. ಆದರೆ ಅವರಿಗೂ ನೌಕರಿ ಇದೆ, ಅವರ ಮೇಲೂ ಆಡಿಟ್ ಮಾಡುವವರು ಇದ್ದಾರೆ. “ಹಂಗಂತ ಬರದು ಸೈ ಮಾಡಿ ಕೊಡ್ರಿ. ನಾಳಿ ಯಾರರ ಈ ಫೋಟೋ ಹಿಡಕೊಂಡು ನನ್ನ ಕೇಳಬಾರ್ದು. ಇದು ನನ್ನ ರಿಪೋರ್ಟಿನ ಜೋಡಿ ಮ್ಯಾಲಿನವರಿಗೆ ಹೋಗತೈತಿ. ಸುಶಮೀಂದ್ರ ಅವರೇ, ನೀವ ಬರೀರಿ, ನಿಮ್ಮ ಅಕ್ಷರ ಛಲೋ ಐತಿ.”

ಬರೆದೆ. ‘ವಿರೂಪಮ್ಮ, ಗಂಡ ಮಾರೆಣ್ಣ, ಸಾಕಿನ್ ಕರೂರು ಆದ ನಾನು ಬರೆದುಕೊಡುವುದೇನೆಂದರೆ, ನಾನು ಸದರಿ ಕೇಂದ್ರದಲ್ಲಿ ಪ್ರಾರಂಭದಿಂದ ಇಂದಿನವರೆಗೆ ಆಯಾ ಕೆಲಸವನ್ನು ಮಾತ್ರ ಮಾಡಿರುತ್ತೇನೆ. ಯಾರಿಗೂ ಯಾವುದೇ ತರಬೇತಿಯನ್ನು ನೀಡಿರುವುದಿಲ್ಲ.’ ಹನ್ನೊಂದು ವರ್ಷದಲ್ಲಿ ನಾನು ಬರೆದ ಸುಳ್ಳುಗಳಲ್ಲಿ ಅಷ್ಟು ಸ್ಪಷ್ಟವಾದ ಸುಳ್ಳು ಇನ್ನೊಂದಿಲ್ಲ.

ವಿರೂಪಮ್ಮ ಕಾಗದ ತೆಗೆದುಕೊಂಡು, ಒಂದೊಂದು ಪದದ ಕೆಳಗೂ ಬೆರಳಿಟ್ಟು ಪೂರ್ತಿ ಓದಿದರು. ‘ಮಾತ್ರ’ ಎಂಬಲ್ಲಿ ಬೆರಳು ನಿಂತಿತು. ನನ್ನ ಮುಖ ನೋಡಲಿಲ್ಲ. ಸಹಿ ಮಾಡಿದರು.

ಹೊರಡುವಾಗ ಶಾಂಭವಿಯವರು ಬಾಗಿಲಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದರು: “ಇನ್ನ ಮ್ಯಾಲೆ ಹೇಳದ ಕೇಳದ ಬರ್ತಾರ, ನಾ ಅಲ್ಲ, ಬ್ಯಾರೆಯವರು. ಹೆಸರು ಇದ್ದಾಕಿ ಬಿಟ್ಟು ಬ್ಯಾರೆದಾಕಿ ಕಲಸೋದು ಕಂಡ್ರ ಅವತ್ತ ಬ್ಯಾಚ್ ರದ್ದು.” ವಿರೂಪಮ್ಮನನ್ನು ಒಮ್ಮೆ ನೋಡಿ ಜೀಪು ಹತ್ತಿದರು.

ಪಾಸಾದೆವು. ವರದಿಯಲ್ಲಿ ಒಳ್ಳೆಯ ಅಂಕ. ‘ಕೆಳಹಂತದ ಸಿಬ್ಬಂದಿಯನ್ನೂ ಪ್ರಶಿಕ್ಷಣಾರ್ಥಿಗಳು ಗೌರವಿಸುವ ಉತ್ತಮ ಪದ್ಧತಿ ಕಂಡುಬಂದಿದೆ’ ಎಂದು ಒಂದು ಸಾಲು ಬೇರೆ. ಮಾಲೀಕರು ಅದನ್ನು ಜೋರಾಗಿ ಓದಿ ನಕ್ಕು, ಎಲ್ಲರಿಗೂ ಪೇಡೆ ಹಂಚಿದರು. ವಿರೂಪಮ್ಮನೂ ಒಂದು ತೆಗೆದುಕೊಂಡು ತಿಂದರು. ಇಪ್ಪತ್ತೇಳು ಹುಡುಗಿಯರೂ ಪರೀಕ್ಷೆ ಬರೆದರು, ಸರ್ಟಿಫಿಕೇಟ್ ಬಂತು. ಚನ್ನಬಸಮ್ಮ ಬಳ್ಳಾರಿಯಲ್ಲಿ ಕೆಲಸಕ್ಕೆ ಸೇರಿದಳು.

ಆ ವಾರವೇ ನಾನು ಅರ್ಜಿಯನ್ನು ಚೀಲದಿಂದ ತೆಗೆದು ವಿರೂಪಮ್ಮನ ಮುಂದೆ ಇಟ್ಟೆ. ಕಲಿಸಿದ್ದಾರೆ ಎಂದು ನಾನು ಬರೆದರೆ, ಕಲಿಸಿಲ್ಲ ಎಂದು ಅವರೇ ಸಹಿ ಮಾಡಿದ ಕಾಗದ ಮೇಲಿನ ಕಚೇರಿಯಲ್ಲಿ ಕೂತಿದೆ. ಆ ಎರಡು ಕಾಗದ ಈಗ ಒಂದನ್ನೊಂದು ನೋಡೇ ನೋಡುತ್ತವೆ.

“ತಪ್ಪಾತು ವಿರೂಪಮ್ಮ” ಎಂದೆ. “ಮೊದಲೇ ಬರದು ಕೊಡಬೇಕಿತ್ತು. ನನ್ನದೇ ತಪ್ಪು.”

“ಇರ್ಲಿ ಬಿಡ್ರಿ ಸಾರ್. ಕಾಗದದ ಹಿಂದಿನ ಕಡಿ ಖಾಲಿ ಐತಿ. ಏನರ ಬರಿಯಾಕ ಬರ್ತೈತಿ, ಇಟಗೊಳ್ರಿ.”

ಕೋಪದಲ್ಲಿ ಹೇಳಲಿಲ್ಲ. ಕೋಪ ಮಾಡಿಕೊಳ್ಳುವಷ್ಟು ಶಕ್ತಿಯೂ ಅವರಲ್ಲಿ ಉಳಿದಿರಲಿಲ್ಲ.

ಹೊಸ ಬ್ಯಾಚು ಸೋಮವಾರ ಶುರುವಾಯಿತು. ಹೊಸ ಇಪ್ಪತ್ತೇಳು ಹುಡುಗಿಯರು ಬಂದು ಮಷಿನ್ ಮುಂದೆ ಕೂತರು. ಎಂದಿನಂತೆ ವಿರೂಪಮ್ಮ ಒಳಗೆ ಹೋಗಿ ಶುರು ಮಾಡುತ್ತಾರೆ ಎಂದು ನಾನು ನನ್ನ ಪುಸ್ತಕ ತೆರೆದೆ. ಅರ್ಧ ತಾಸಾದರೂ ಅವರ ದನಿ ಕೇಳಲಿಲ್ಲ. ಎದ್ದು ನೋಡಿದರೆ ಹಿತ್ತಲಲ್ಲಿ ಲೋಟ ತೊಳೆಯುತ್ತಿದ್ದರು. ಒಳಗೆ ಶ್ರೀಕೃತಿ ಪುಸ್ತಕ ಹಿಡಿದುಕೊಂಡು ನಿಂತಿದ್ದಳು. ಮಧ್ಯಾಹ್ನದೊಳಗೆ ಆರು ಸೂಜಿ ಮುರಿದವು. ಅವಳು ಓಡಿ ಬಂದು ವಿರೂಪಮ್ಮನ ಕೈ ಹಿಡಿದಳು.

“ಅಕ್ಕಾರ, ಒಂದ ಸಲ ಬಂದು ತೋರಸ್ರಿ. ಬಾಗಲಾ ಹಾಕ್ತೀನಿ, ಯಾರೂ ನೋಡಂಗಿಲ್ಲ.”

“ನಾನು ಸೈ ಮಾಡೀನಿ ಮೇಡಮ್ಮಾರ” ಎಂದರು ವಿರೂಪಮ್ಮ.

ಆಮೇಲೆ ನಾನೂ ಹೋದೆ. ಗೇಟಿನ ಹತ್ತಿರ ನಾನೇ ಕೂತು ಕಾಯುತ್ತೇನೆ, ಜೀಪು ಕಂಡರೆ ಕೂಗುತ್ತೇನೆ ಎಂದೆ. ಹುಡುಗಿಯರ ಮುಖ ನೋಡಿಯಾದರೂ ಬನ್ನಿ ಎಂದೆ. ಅವರು ಲೋಟಗಳನ್ನು ಒಂದರೊಳಗೊಂದು ಇಡುತ್ತಾ ಕೇಳಿಸಿಕೊಂಡರು.

“ಅವ್ರ ಮುಖ ನೋಡೇ ಒಲ್ಲೆ ಅನ್ನಾಕತ್ತೀನಿ ಸಾರ್. ನಾ ಕಲಸೋದು ಯಾರರ ಕಂಡ್ರ ಇವ್ರ ಸರ್ಟಿಫಿಕೇಟ್ ಹೋಗತೈತಿ.” ಕೊನೆಯ ಲೋಟವನ್ನೂ ಇಟ್ಟರು. “ಹನ್ನೊಂದು ವರ್ಷ ನೀವು ಬರದ್ರಿ, ನಾ ಕಲಸಿದೆ. ಸುಳ್ಳು ನಿಮ್ದಿತ್ತು, ಕೆಲಸ ನನ್ದಿತ್ತು. ಈಗ ಸೈ ನನ್ದೈತ್ರಿ. ನನ್ನ ಹೆಸರು ನಾನ ಹೆಂಗ ಸುಳ್ಳ ಮಾಡ್ಲಿ? ನನಗ ಸಾಕಾಗೇತ್ರಿ.”

ಹೊಸ ಹುಡುಗಿಯರು ಅವರನ್ನು ಆಯಮ್ಮ ಎನ್ನುತ್ತಾರೆ. ಯಾರೂ ಹೇಳಿಕೊಟ್ಟಿಲ್ಲ, ಕೈಯಲ್ಲಿ ಕಸಬರಿಗೆ ನೋಡಿ ಕರೆದರು. ಎರಡು ತಿಂಗಳಾಯಿತು. ಇನ್ನೂ ಒಬ್ಬಳಿಗೂ ಸೊಂಟದ ಪಟ್ಟಿ ನೆಟ್ಟಗೆ ಕೂರಿಸಲು ಬರುವುದಿಲ್ಲ. ಶ್ರೀಕೃತಿ ಪಾಪ ದಿನಾ ಬರುತ್ತಾಳೆ, ಫೋನಿನಲ್ಲಿ ವಿಡಿಯೋ ನೋಡಿ ತಾನೂ ಕಲಿಯುತ್ತಿದ್ದಾಳೆ.

ನಮ್ಮ ಕೇಂದ್ರದ ದಾಖಲೆಯಲ್ಲಿ ಈಗ ಒಂದು ಸುಳ್ಳೂ ಇಲ್ಲ. ಕಲಿಸುವವರು ಎಂದು ಬರೆದವರೇ ಕಲಿಸುತ್ತಾರೆ, ಆಯಾ ಎಂದು ಬರೆದವರೇ ಕಸ ಹೊಡೆಯುತ್ತಾರೆ. ಮುಂದಿನ ಆಡಿಟ್‌ಗೆ ನಾನು ತಯಾರಿ ಮಾಡಬೇಕಾದದ್ದು ಏನೂ ಉಳಿದಿಲ್ಲ. ನಿನ್ನೆ ಬೆಳಿಗ್ಗೆ ಹಾಜರಿ ಬರೆಯುತ್ತಾ ಕೂತಿದ್ದೆ. ವಿರೂಪಮ್ಮನ ಹೆಸರಿನ ಹತ್ತಿರ ಬಂದಾಗ, ಅವರೇ ನನ್ನ ಮೇಜಿನ ಪಕ್ಕದಲ್ಲಿ ಬಗ್ಗಿ ನಿಂತಿದ್ದರು.

“ಸಾರ್, ಸ್ವಲ್ಪ ಕಾಲೆತ್ರಿ” ಎಂದರು.

ನಾನು ಕಾಲೆತ್ತಿದೆ. ಅವರು ಕೆಳಗೆ ಕಸ ಹೊಡೆದುಕೊಂಡು ಮುಂದೆ ಹೋದರು.